ಗಡಿಯಾರವನ್ನು ಓದಿದ ಮಗಳು

ಚಿತ್ರಪಟವೆಂದೊಡನೆ ನಮ್ಮ ಪಾಲಕರಲ್ಲಿ ಹಲವರು ಹುಬ್ಬು ಗಂಟಿಕ್ಕುವರು. ಅವರ ಅಂಜಿಕೆಯು ತೀರ ನಿರಾಧಾರವೆಂದು ನಾನು ಹೇಳಲಾರೆನು. ಆದರೂ ಕಾಲದ ಗೋಡೆಯನ್ನು ದಾಟಿ ತಂದೆ, ತಾಯಿ, ಮಕ್ಕಳು ಒಬ್ಬರನ್ನೊಬ್ಬರು ಅರಸುವ ವಿಜ್ಞಾನಕಥೆಗಳು ಈಗ ಚಿತ್ರಪಟಗಳಾಗಿ ಬರುತ್ತಲಿರುವವು. ಅವುಗಳಲ್ಲಿ ಒಂದನ್ನಾದರೂ ತೇರದಾಳದ ಹೆಣ್ಣುಮಕ್ಕಳು ತಂದೆತಾಯಿಗಳ ಜೊತೆಯಲ್ಲಿ ಕುಳಿತು ನೋಡತಕ್ಕದ್ದೆಂಬುದು ನನ್ನ ಅಭಿಪ್ರಾಯವು.

ಕನ್ನಡದಲ್ಲಿ 2024ರ ಮಾರ್ಚ್ 8ರಂದು ಶ್ರೀನಿಧಿ ಬೆಂಗಳೂರು ಅವರು ನಿರ್ದೇಶಿಸಿದ ‘ಬ್ಲಿಂಕ್’ ಎಂಬ ಚಿತ್ರಪಟವು ತೆರೆಗೆ ಬಂದಿತು. ನಾಟಕದ ಹುಚ್ಚುಳ್ಳ ತರುಣನೊಬ್ಬನು, ತನ್ನ ತಂದೆಯ ವಿಷಯವಾಗಿ ಅಪರಿಚಿತನೊಬ್ಬನು ಆಡಿದ ಮಾತಿನಿಂದ ಕಲಕಿಹೋಗಿ, ಕಳೆದುಹೋದ ಕಾಲವನ್ನು ಹೊಗುವನು. ಇಷ್ಟು ತೊಡಕಿನ ಕಥೆಯನ್ನು ನಮ್ಮ ಭಾಷೆಯಲ್ಲಿ ಹೇಳಿದುದು ಮೆಚ್ಚತಕ್ಕ ಸಂಗತಿಯು. ಆದರೆ ಅಲ್ಲಿ ಕಾಲವನ್ನು ದಾಟುವವನು ಮಗನು. ಹೆಣ್ಣುಮಕ್ಕಳ ಶಾಲೆಯವಳಾದ ನನಗೆ ಮಗಳ ಕಥೆಯು ಬೇಕು.

ಅಂಥದೊಂದು ಕಥೆಯು ಭಾಗವತದಲ್ಲಿ ಇರುವದನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಕಕುದ್ಮಿ ರಾಜನು ಮಗಳಾದ ರೇವತಿಗೆ ವರನಾರೆಂದು ಕೇಳಲು ಬ್ರಹ್ಮಲೋಕಕ್ಕೆ ಹೋದನು. ಅಲ್ಲಿ ಗಾನವು ನಡೆದಿದ್ದಿತು. ಅದು ಮುಗಿಯುವವರೆಗೆ ಕಾದನು. ಅಷ್ಟರಲ್ಲಿ ಭೂಮಿಯ ಮೇಲೆ 27 ಚತುರ್ಯುಗಗಳು ಸಂದುಹೋಗಿದ್ದವು! ಕಾಲವು ಎಲ್ಲ ಕಡೆಗೂ ಒಂದೇ ನಡಿಗೆಯಲ್ಲಿ ಹೋಗದೆಂಬ ಕಲ್ಪನೆಯು ಅಷ್ಟು ಹಳೆಯದು. ಕಡೆಗೆ ರೇವತಿಯು ಬಲರಾಮನ ಕೈ ಹಿಡಿದಳು. ಅವಳಿಂದ ಬೇರೆ ಯಾವ ಕಾರ್ಯವನ್ನೂ ಕಥೆಯು ಬೇಡುವದಿಲ್ಲ.

ಕ್ರಿಸ್ಟೋಫರ್ ನೋಲನ್ ಎಂಬವರು 2014ರಲ್ಲಿ ತೆಗೆದ ‘ಇಂಟರ್‌ಸ್ಟೆಲ್ಲರ್’ ಬೇಡುತ್ತದೆ. ಕೂಪರನೆಂಬ ಒಕ್ಕಲಿಗನು, ಹತ್ತು ವರ್ಷದ ಮಗಳು ಮರ್ಫ್ ಅಳುತ್ತಿರಲು, ಮನುಷ್ಯರಿಗೆ ಬೇರೊಂದು ನೆಲೆಯನ್ನು ಹುಡುಕಲು ಆಕಾಶಯಾನಕ್ಕೆ ಹೊರಡುವನು. ಹೋಗುವಾಗ ಅವಳಿಗೊಂದು ಕೈಗಡಿಯಾರವನ್ನು ಕೊಡುವನು. ಕೃಷ್ಣರಂಧ್ರದ ಬಳಿಯಲ್ಲಿರುವ ಗ್ರಹವೊಂದರಲ್ಲಿ ಒಂದು ತಾಸು ಕಳೆದರೆ ಭೂಮಿಯಲ್ಲಿ 7 ವರ್ಷ. ಅಲ್ಲಿಂದ ನೌಕೆಗೆ ಮರಳಿ ಬರುವಷ್ಟರಲ್ಲಿ 23 ವರ್ಷಗಳು ಹೋಗಿರುವವು. ಮಕ್ಕಳು ಕಳುಹಿದ ಸಂದೇಶಗಳನ್ನು ಒಂದರ ಹಿಂದೊಂದು ನೋಡುತ್ತ ಆತನು ಅಳುವನು. ಗೋವೆಗೋ ಪುಣೆಗೋ ದುಡಿಯಲು ಹೋಗಿ, ಜಾತ್ರೆಗೆ ಮರಳಿದಾಗ ಮಗಳು ಭುಜದೆತ್ತರಕ್ಕೆ ಬೆಳೆದುದನ್ನು ಕಂಡು ಸುಮ್ಮನೆ ನಿಂತ ನಮ್ಮ ಕಡೆಯ ತಂದೆಯರಿಗೆ ಈ ಭಾಗವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇದು ಬರಿಯ ಕಟ್ಟುಕಥೆಯಲ್ಲ. ಈ ಚಿತ್ರಪಟಕ್ಕೆ ಸಲಹೆಗಾರರಾಗಿದ್ದ ಭೌತಶಾಸ್ತ್ರಜ್ಞ ಕಿಪ್ ಥಾರ್ನ್ ಅವರಿಗೆ 2017ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ವಿಮಾನಗಳಲ್ಲಿ ಪರಮಾಣು ಗಡಿಯಾರಗಳನ್ನು ಇಟ್ಟು ಭೂಮಿಯನ್ನು ಸುತ್ತಿಸಿ, ವೇಗದಿಂದಲೂ ಎತ್ತರದಿಂದಲೂ ಕಾಲವು ವ್ಯತ್ಯಾಸವಾಗುವದೆಂದು 1971ರಲ್ಲಿಯೇ ಅಳೆದು ನೋಡಿದರು. ಮೊಬೈಲಿನಲ್ಲಿ ದಾರಿ ತೋರಿಸುವ ಉಪಗ್ರಹಗಳ ಗಡಿಯಾರಗಳು ನಮ್ಮವಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡು ಮುಂದೋಡುವವು. ಅದನ್ನು ತಿದ್ದದೆ ಬಿಟ್ಟರೆ ಒಂದೇ ದಿನದಲ್ಲಿ ದಾರಿಯು ಹತ್ತು ಕಿಲೋಮೀಟರಿನಷ್ಟು ತಪ್ಪೀತು.

ಪ್ರೀತಿಯೇ ಕಾಲವನ್ನು ಮೀರುವ ಶಕ್ತಿಯೆಂದು ಒಬ್ಬ ವಿಜ್ಞಾನಿಯ ಬಾಯಿಂದ ಆಡಿಸಿದುದು ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. (ಚಂದ್ರನ ಮೇಲೆ ಮನುಷ್ಯನು ಇಳಿದುದೇ ಸುಳ್ಳೆಂದು ಮರ್ಫಳಿಗೆ ಕಲಿಸುವ ಶಿಕ್ಷಕಿಯನ್ನು ಕಂಡು ವೃತ್ತಿಬಾಂಧವಳಾಗಿ ನಾಚಿದೆನು; ಅದಿರಲಿ.) ಚಿತ್ರಪಟವೇ ಆ ಮಾತನ್ನು ಅಲ್ಲಗಳೆಯುವದು. ದೂರದ ತಂದೆಯು ಆ ಕೈಗಡಿಯಾರದ ಸೆಕೆಂಡು ಮುಳ್ಳನ್ನು ಅಲುಗಿಸಿ, ತಂತಿಯ ಕಟ್ಟು-ಕಡೆಯ ಲಿಪಿಯಲ್ಲಿ ಮಗಳಿಗೆ ಬೇಕಾದ ಲೆಕ್ಕವನ್ನು ಕಳುಹುವನು. ಕಳುಹಿದುದು ಮಮತೆಯೇ ಸರಿ. ಆದರೆ ಮರ್ಫ್ ಅಷ್ಟು ವರ್ಷ ಗಣಿತವನ್ನೂ ಭೌತಶಾಸ್ತ್ರವನ್ನೂ ಓದಿರದಿದ್ದರೆ? ಮುಳ್ಳು ತಡವರಿಸುತ್ತಿದ್ದಿತು, ಗಡಿಯಾರವು ಕೆಟ್ಟಿದೆಯೆಂದು ಮನೆಯವರು ಪೆಟ್ಟಿಗೆಯಲ್ಲಿ ಹಾಕಿಡುತ್ತಿದ್ದರು.

ಹತ್ತನೆಯ ತರಗತಿಯ ಫಲಿತಾಂಶದ ತರುವಾಯ ಪ್ರತಿ ವರ್ಷ ಕೆಲವು ಪಾಲಕರು ನನ್ನ ಕೋಣೆಗೆ ಬರುವರು. “ಅಕ್ಕೋರ, ಮಗಳಂದ್ರ ನಮಗ ಜೀವರಿ. ಆದ್ರ ಸಾಲಿ ಇಷ್ಟ ಸಾಕ್ರಿ” ಎನ್ನುವರು. ಆ ಮೊದಲನೆಯ ಮಾತನ್ನು ನಾನು ಎಂದೂ ಸಂಶಯಿಸಿಲ್ಲ, ಜಗಳವೇನಿದ್ದರೂ ಎರಡನೆಯದರೊಡನೆ. ಆ ಹುಡುಗಿಯರಲ್ಲಿ ಗಣಿತದಲ್ಲಿ ಚುರುಕಾದವರು ಇದ್ದರು. ಹಳೆಯ ವಿದ್ಯಾರ್ಥಿನಿಯರಾದ ನೀವು ಅವರ ಹೆಸರುಗಳನ್ನು ನನಗಿಂತ ಚೆನ್ನಾಗಿ ಬಲ್ಲಿರಿ. ಒಂದೇ ಬೆಂಚಿನಲ್ಲಿ ಕುಳಿತವರಲ್ಲವೇ?

ಚಿತ್ರಪಟವು 169 ನಿಮಿಷಗಳಷ್ಟು ಉದ್ದ, ಅದೂ ಇಂಗ್ಲಿಷಿನಲ್ಲಿ. ಆದುದರಿಂದ ಮನೆಯಲ್ಲಿ ಹಾಕಿದರೆ ನಡುನಡುವೆ ನಿಲ್ಲಿಸಿ, ಮಗಳೇ ತಂದೆತಾಯಿಗಳಿಗೆ ಕನ್ನಡದಲ್ಲಿ ತಿಳಿಸಿ ಹೇಳಲಿ. ಆ ನೀರಿನ ಗ್ರಹವು ಬಂದಾಗ ಒಂದು ಲೆಕ್ಕವನ್ನೂ ಕೇಳಿರಿ: ತಾಸಿಗೆ 7 ವರ್ಷವಾದರೆ ನಿಮಿಷಕ್ಕೆ ಎಷ್ಟು ದಿನ? 42ಕ್ಕೂ ಮಿಕ್ಕುವದು. ಉತ್ತರವನ್ನು ಅವಳು ಬಾಯಿಲೆಕ್ಕದಲ್ಲಿ ಹೇಳಿದರೆ, ಮರುದಿನ ನನ್ನ ಕೋಣೆಗೆ ಬನ್ನಿರಿ. ಹನ್ನೊಂದನೆಯ ತರಗತಿಯ ವಿಜ್ಞಾನದ ಅರ್ಜಿಯನ್ನು ಕೂಡಿಯೇ ತುಂಬೋಣ.