ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು

 

ಹೋದ ತಿಂಗಳ ಗೋಡೆ ಪತ್ರಿಕೆಯಲ್ಲಿ ‘ನಮ್ಮೂರಲ್ಲಿ ಉಲ್ಕೆ ಬಿದ್ದ ಕುಳಿ ಪತ್ತೆ!’ ಅಂತ ಕೆಂಪು ಸ್ಕೆಚ್ ಪೆನ್ನಲ್ಲಿ ದೊಡ್ಡದಾಗಿ ಬರೆದವನು ನಾನೇ. ಅದರ ಕೆಳಗೆ ‘ಕಂಡುಹಿಡಿದವರು’ ಅಂತ ನನ್ನ ಹೆಸರನ್ನೂ ಬರೆದುಕೊಂಡಿದ್ದೆ. ಆ ಸುದ್ದಿ ತಪ್ಪು. ಬರೀ ಕ್ಷಮೆ ಕೇಳಿ ಸುಮ್ಮನಾಗಬಹುದಿತ್ತು. ಆದರೆ ಈ ವಿಷಯದಲ್ಲಿ ನನಗೊಂದು ಅಭಿಪ್ರಾಯ ಮೂಡಿದೆ. ಅದನ್ನು ಎಲ್ಲರ ಮುಂದೆ ಇಡೋಣ ಅಂತ ಬರೆಯುತ್ತಿದ್ದೇನೆ.

ಮೊದಲು ನಡೆದದ್ದು ಹೇಳುತ್ತೇನೆ. ದಸರಾ ರಜೆಯಲ್ಲಿ ನಮ್ಮಣ್ಣ ಅವನ ಮೊಬೈಲಿನಲ್ಲಿ ಗೂಗಲ್ ಅರ್ಥ್ ತೋರಿಸಿದ. ಇದು 2005ರಲ್ಲಿ ಶುರುವಾಯಿತಂತೆ. ಭೂಮಿಯನ್ನು ಗೋಲಿ ತರಹ ತಿರುಗಿಸಿ ಬೇಕಾದ ಊರಿಗೆ ಇಳಿಯಬಹುದು. ನಾನು ನಮ್ಮೂರಿಗೇ ಇಳಿದೆ. ನಮ್ಮ ಮನೆಯ ಶೀಟು, ಶಾಲೆಯ ಅಂಗಳ, ದೇವಸ್ಥಾನದ ಅರಳಿಮರ ಎಲ್ಲಾ ಕಂಡವು. ಹಾಗೇ ಗುಡ್ಡದ ಕಡೆ ಸರಿಸಿದಾಗ ಬಳೆ ಇಟ್ಟ ಹಾಗೆ ಗುಂಡಗೆ ಒಂದು ಗುರುತು ಕಾಣಿಸಿತು. ಸುತ್ತ ಏರಿ ತರಹ ದಂಡೆ, ನಡುವೆ ಕಪ್ಪು. ಅದಕ್ಕೆ ಸ್ವಲ್ಪ ದಿನ ಮುಂಚೆ ವಿಜ್ಞಾನದ ಮೇಷ್ಟ್ರು ಮಹಾರಾಷ್ಟ್ರದ ಲೋಣಾರ್ ಸರೋವರದ ಬಗ್ಗೆ ಹೇಳಿದ್ದರು. ಅದು ಆಕಾಶದಿಂದ ಬಿದ್ದ ಕಲ್ಲಿನಿಂದ ಆದ ಕುಳಿ, ಅಗಲ ಸುಮಾರು 1.8 ಕಿಲೋಮೀಟರ್. ನನ್ನ ತಲೆಯಲ್ಲಿ ಅದೇ ಓಡುತ್ತಿತ್ತು. ನಮ್ಮೂರಿನದು ಮರಿ ಲೋಣಾರ್ ಅಂತ ತೀರ್ಮಾನ ಮಾಡಿಬಿಟ್ಟೆ. ಆ ಜಾಗ ನಮ್ಮ ಮನೆಯಿಂದ ಎರಡು ಕಿಲೋಮೀಟರ್ ಕೂಡ ಇಲ್ಲ. ಆದರೂ ಹೋಗಿ ನೋಡಲಿಲ್ಲ. ಬರೆದು ಗೋಡೆಗೆ ಅಂಟಿಸಿದೆ.

ನಮ್ಮ ಬೀದಿಯಲ್ಲಿ ಕುರಿ ಕಾಯುವ ಒಬ್ಬ ತಾತ ಇದ್ದಾರೆ. ಅವರಿಗೆ ಎಂಬತ್ತರ ಮೇಲೆ ವಯಸ್ಸು, ಓದಲು ಬರುವುದಿಲ್ಲ. ನನ್ನ ತಂಗಿ ಹೋಗಿ ಅವರಿಗೆ ‘ನಮ್ಮಣ್ಣ ಉಲ್ಕೆ ಗುಂಡಿ ಕಂಡುಹಿಡಿದಿದ್ದಾನೆ’ ಅಂತ ಹೇಳಿದ್ದಾಳೆ. ಅವರು ಎಲ್ಲಿ, ಏನು ಅಂತ ಕೇಳಿ, ನನ್ನನ್ನು ಕರೆದು, ‘ಅದು ಗೋಕಟ್ಟೆ ಕಣಪ್ಪಾ. ದನಕರು ನೀರು ಕುಡೀಲಿ ಅಂತ ಊರೋರೆಲ್ಲ ಸೇರಿ ತೋಡಿದ್ದು. ನಮ್ಮಪ್ಪನೂ ಮಣ್ಣು ಹೊತ್ತಿದ್ದ. ನಾನು ಈಜು ಕಲ್ತಿದ್ದೇ ಅದ್ರಲ್ಲಿ’ ಅಂದರು.

ಭಾನುವಾರ ಅವರ ಜೊತೆ ಹೋದೆ. ಒಳಗೆಲ್ಲ ಬಳ್ಳಾರಿ ಜಾಲಿ ಬೆಳೆದಿದೆ. ಮೇಲಿಂದ ಕಪ್ಪಗೆ ಕಂಡದ್ದು ಆ ಜಾಲಿಯೇ, ನೀರಲ್ಲ. ಒಂದು ಕಡೆ ದನ ಇಳಿಯಲು ಇಳಿಜಾರು ಮಾಡಿ ಚಪ್ಪಡಿ ಹಾಸಿದ್ದಾರೆ. ತಾತ ಕೋಲಿನಿಂದ ಮಣ್ಣು ಕೆದರಿ ಚಪ್ಪಡಿ ತೋರಿಸಿದರು. ಗುಡ್ಡದಿಂದ ನೀರು ಬರುತ್ತಿದ್ದ ಸಣ್ಣ ಕಾಲುವೆ ಹೂಳು ತುಂಬಿ ಮುಚ್ಚಿದೆ. ಅದಕ್ಕೇ ಕಟ್ಟೆ ಒಣಗಿದೆ. ನನಗೆ ಬಹಳ ನಾಚಿಕೆ ಆಯಿತು. ಊರಿನವರು ಬೆವರು ಸುರಿಸಿ ತೋಡಿದ್ದನ್ನು ನಾನು ಆಕಾಶದ ಕಲ್ಲಿನ ಲೆಕ್ಕಕ್ಕೆ ಬರೆದುಬಿಟ್ಟಿದ್ದೆ.

ಮೇಷ್ಟ್ರ ಹತ್ತಿರ ಹೋಗಿ ಹೇಳಿದೆ. ಅವರು ಬೈಯಲಿಲ್ಲ. ‘ನಿನ್ನ ಹಾಗೆ ಪರದೆ ನೋಡಿ ನಿಜವಾಗಿಯೂ ಕಂಡುಹಿಡಿದವರು ಇದ್ದಾರೆ, ಮೋಸ ಹೋದವರೂ ಇದ್ದಾರೆ’ ಅಂತ ಹೇಳಿ ಲ್ಯಾಪ್‌ಟಾಪಿನಲ್ಲಿ ಒಂದೊಂದಾಗಿ ತೋರಿಸಿದರು.

ಈಜಿಪ್ಟ್ ದೇಶದ ದಕ್ಷಿಣದ ಮರುಭೂಮಿಯಲ್ಲಿ ಕಾಮಿಲ್ ಕುಳಿ ಅಂತ ಇದೆ. 2008ರಲ್ಲಿ ಇಟಲಿಯ ವಿನ್ಚೆಂಜೊ ದೆ ಮಿಕೇಲೆ ಎಂಬುವರು ಗೂಗಲ್ ಅರ್ಥ್‌ನಲ್ಲಿ ಅದನ್ನು ಗುರುತಿಸಿದರು. ಅಗಲ ಬರೀ 45 ಮೀಟರ್, ಅಂದರೆ ನಮ್ಮ ನೂರು ಮೀಟರ್ ಓಟದ ಅರ್ಧವೂ ಇಲ್ಲ. ಆದರೆ ಅವರು ನನ್ನ ಹಾಗೆ ಅವಸರ ಮಾಡಲಿಲ್ಲ. 2010ರಲ್ಲಿ ಇಟಲಿ ಮತ್ತು ಈಜಿಪ್ಟಿನ ವಿಜ್ಞಾನಿಗಳು ಮರುಭೂಮಿಗೆ ಹೋಗಿ, ಸುತ್ತ ಬಿದ್ದಿದ್ದ ಸಾವಿರಾರು ಕಬ್ಬಿಣದ ಉಲ್ಕೆ ಚೂರುಗಳನ್ನು ನೋಡಿದ ಮೇಲೆಯೇ ಅದು ಉಲ್ಕೆಯ ಕುಳಿ ಅಂತ ಗಟ್ಟಿಯಾಗಿ ಹೇಳಿದರು. ನಾನು ನಮ್ಮ ಗೋಕಟ್ಟೆಯಲ್ಲಿ ಒಂದು ಚೂರು ಕಬ್ಬಿಣ ಹುಡುಕಿದ್ದೆನೇ? ಇಲ್ಲ.

ಕೆನಡಾ ದೇಶದಲ್ಲಿ ಮೆಡಿಸಿನ್ ಹ್ಯಾಟ್ ಎಂಬ ಪಟ್ಟಣದ ಹತ್ತಿರ ಇನ್ನೊಂದು ವಿಚಿತ್ರ ಇದೆ. ಮೇಲಿಂದ ನೋಡಿದರೆ ಗರಿಗಳ ಕಿರೀಟ ತೊಟ್ಟ ಮನುಷ್ಯನ ಮುಖ! ಕಿವಿಗೆ ಇಯರ್‌ಫೋನ್ ಕೂಡ ಇದೆ. ಅದಕ್ಕೆ ‘ಬ್ಯಾಡ್‌ಲ್ಯಾಂಡ್ಸ್ ಗಾರ್ಡಿಯನ್’ ಅಂತ ಹೆಸರಿಟ್ಟಿದ್ದಾರೆ. ಅದನ್ನು ಯಾರೂ ಕೆತ್ತಿಲ್ಲ. ಜೇಡಿಮಣ್ಣಿನ ನೆಲವನ್ನು ಮಳೆ ನೀರು ಕೊರೆದು ಹಾಗಾಗಿದೆ. ಇಯರ್‌ಫೋನಿನ ವೈರು ಅಂದರೆ ಇಂಧನ ತೆಗೆಯುವ ಬಾವಿಗೆ ಹೋಗುವ ರಸ್ತೆ. ಇನ್ನೂ ಆಶ್ಚರ್ಯ ಏನೆಂದರೆ, ಮುಖ ಉಬ್ಬಿದಂತೆ ಕಾಣುತ್ತದೆ, ನಿಜವಾಗಿ ಅದು ತಗ್ಗು. ಬೆಳಕು ಮೇಲಿನಿಂದ ಬೀಳುತ್ತದೆ ಅಂತ ನಮ್ಮ ಕಣ್ಣು ಅಂದುಕೊಂಡಿರುತ್ತದೆ. ಚಿತ್ರದಲ್ಲಿ ನೆರಳು ಬೇರೆ ಕಡೆ ಬಿದ್ದಿದ್ದರೆ ಹಳ್ಳ ದಿಣ್ಣೆಯಾಗುತ್ತದೆ, ದಿಣ್ಣೆ ಹಳ್ಳವಾಗುತ್ತದೆ. ಅಂಥ ಒಂದು ಚಿತ್ರ ಸಿಕ್ಕರೆ ತಲೆಕೆಳಗು ಮಾಡಿ ನೋಡಿ, ನಿಮಗೇ ಗೊತ್ತಾಗುತ್ತದೆ.

ಇಲ್ಲದ್ದೂ ಕಾಣಬಹುದು. ಆಸ್ಟ್ರೇಲಿಯಾದ ಪೂರ್ವದ ಸಮುದ್ರದಲ್ಲಿ ‘ಸ್ಯಾಂಡಿ ದ್ವೀಪ’ ಅಂತ ಹಳೆಯ ನಕ್ಷೆಗಳಲ್ಲಿ ಇತ್ತು. ಗೂಗಲ್ ಅರ್ಥ್‌ನಲ್ಲೂ ಅಲ್ಲಿ ಕಪ್ಪು ಪಟ್ಟಿ ಕಾಣುತ್ತಿತ್ತು. 2012ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳ ಹಡಗು ಅಲ್ಲಿಗೆ ಹೋದರೆ ದ್ವೀಪವೇ ಇಲ್ಲ! ಬರೀ ಸಮುದ್ರ, ಅದೂ 1,300 ಮೀಟರಿಗಿಂತ ಹೆಚ್ಚು ಆಳ. ಒಬ್ಬರು ನೋಡಿ ಇನ್ನೊಬ್ಬರು ನಕಲು ಮಾಡಿದರೆ ಹೀಗೇ ಆಗುತ್ತದೆ. ಇದು ಪರೀಕ್ಷೆಗೂ ಅನ್ವಯಿಸುತ್ತದೆ!

ಹಾಗಾದರೆ ಉಪಗ್ರಹ ಚಿತ್ರ ನೋಡಬಾರದಾ ಅಂತ ಕೇಳಬಹುದು. ನಾನು ಹಾಗೆ ಹೇಳುತ್ತಿಲ್ಲ. ಹೋದ ವರ್ಷ ಪ್ರವಾಸದಲ್ಲಿ ಸಕಲೇಶಪುರದ ಹತ್ತಿರ ಮಂಜರಾಬಾದ್ ಕೋಟೆ ನೋಡಿದೆವಲ್ಲ, ನೆನಪಿದೆಯಾ? ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ್ದು. ಅದರೊಳಗೆ ಓಡಾಡಿದಾಗ ಗೋಡೆ, ಮೂಲೆ, ಮತ್ತೆ ಗೋಡೆ, ಇಷ್ಟೇ ನಮಗೆ ಕಂಡದ್ದು. ಮೇಲಿಂದ ನೋಡಿದರೆ ಅದು ಎಂಟು ಮೂಲೆಯ ನಕ್ಷತ್ರ, ರಂಗೋಲಿ ಹಾಕಿದ ಹಾಗಿದೆ. ನೆಲದ ಮೇಲೆ ನಿಂತವನಿಗೆ ಅಷ್ಟು ಚೆನ್ನಾಗಿ ತಿಳಿಯುವುದಿಲ್ಲ. ಆದ್ದರಿಂದ ಎರಡೂ ಬೇಕು. ಮೇಲಿನ ಚಿತ್ರ ಪ್ರಶ್ನೆ ಇದ್ದ ಹಾಗೆ, ಉತ್ತರ ನೆಲದ ಮೇಲಿರುತ್ತದೆ. ನಾನು ಪ್ರಶ್ನೆಯನ್ನೇ ಉತ್ತರ ಅಂತ ಬರೆದು ಹತ್ತಕ್ಕೆ ಹತ್ತು ಹಾಕಿಕೊಂಡಿದ್ದೆ.

ಚಿತ್ರ ಇವತ್ತಿನದೂ ಅಲ್ಲ ಅನ್ನೋದು ನೆನಪಿರಲಿ. ಉಪಗ್ರಹಗಳು ನೂರಾರು ಕಿಲೋಮೀಟರ್ ಎತ್ತರದಿಂದ ಪಟ್ಟಿ ಪಟ್ಟಿಯಾಗಿ ಚಿತ್ರ ತೆಗೆಯುತ್ತವೆ. ಬೇರೆ ಬೇರೆ ದಿನದ ಚಿತ್ರಗಳನ್ನು ಕೌದಿ ಹೊಲಿದ ಹಾಗೆ ಜೋಡಿಸಿರುತ್ತಾರೆ. ನಮ್ಮ ಮನೆ ಹಿಂದೆ ಹೋದ ವರ್ಷ ಬಿದ್ದ ಹುಣಸೆಮರ ಮೊಬೈಲಿನಲ್ಲಿ ಇನ್ನೂ ನಿಂತಿದೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ‘ಕಂಡುಹಿಡಿದೆ’ ಎನ್ನುವ ಪದವನ್ನು ನಾವು ಹುಷಾರಾಗಿ ಬಳಸಬೇಕು. ಆಫ್ರಿಕಾದ ಮೊಜಾಂಬಿಕ್ ದೇಶದಲ್ಲಿ ಮಾಬು ಎಂಬ ಬೆಟ್ಟ ಇದೆ. 2005ರಲ್ಲಿ ಜೂಲಿಯನ್ ಬೇಲಿಸ್ ಎಂಬ ವಿಜ್ಞಾನಿ ಗೂಗಲ್ ಅರ್ಥ್‌ನಲ್ಲಿ ಅಲ್ಲಿ ದಟ್ಟ ಹಸಿರು ಇರುವುದನ್ನು ನೋಡಿದರು. ಆಮೇಲೆ 2008ರಲ್ಲಿ ಲಂಡನ್ನಿನ ಕ್ಯೂ ಸಸ್ಯೋದ್ಯಾನದವರ ಜೊತೆ ದೊಡ್ಡ ತಂಡವೇ ಹೋಯಿತು. ಸುಮಾರು 7,000 ಹೆಕ್ಟೇರ್ ಕಾಡು! ವಿಜ್ಞಾನಕ್ಕೆ ಹೊಸದಾದ ಹಾವು, ಗೋಸುಂಬೆ, ಚಿಟ್ಟೆಗಳು ಸಿಕ್ಕವು. ಅದಕ್ಕೆ ‘ಗೂಗಲ್ ಕಾಡು’ ಅಂತ ಕೂಡ ಹೆಸರು ಬಂತು. ಆದರೆ ಬೆಟ್ಟದ ಕೆಳಗಿನ ಹಳ್ಳಿಯವರಿಗೆ ಆ ಕಾಡು ಮೊದಲೇ ಗೊತ್ತಿತ್ತು. 1977ರಿಂದ 1992ರವರೆಗೆ ಆ ದೇಶದಲ್ಲಿ ಅಂತರ್ಯುದ್ಧ ನಡೆದಾಗ ಜನ ಜೀವ ಉಳಿಸಿಕೊಳ್ಳಲು ಅದೇ ಕಾಡಿನಲ್ಲಿ ಅಡಗಿದ್ದರು. ತಮ್ಮ ಪ್ರಾಣ ಕಾಪಾಡಿದ ಕಾಡಿಗೆ ‘ಗೂಗಲ್ ಕಾಡು’ ಅಂದರೆ ಆ ಜನಕ್ಕೆ ಹೇಗನ್ನಿಸಬೇಡ? ವಿಜ್ಞಾನಿಗಳು ಮಾಡಿದ್ದು ದೊಡ್ಡ ಕೆಲಸವೇ, ಅವರು ಹೊಸ ಹಾವನ್ನು ಗುರುತಿಸಿ ಹೆಸರಿಟ್ಟರು. ಆದರೆ ಕಾಡನ್ನು ಅವರು ಕಂಡುಹಿಡಿಯಲಿಲ್ಲ, ಹೊರಗಿನವರಿಗೆ ತಿಳಿಸಿದರು ಅಷ್ಟೆ.

ನಾನು ಅಷ್ಟು ಕೂಡ ಮಾಡದೆ ತಾತ ಈಜಿದ ಗೋಕಟ್ಟೆಗೆ ನನ್ನ ಹೆಸರು ಹಾಕಿಕೊಂಡೆ. ಇದನ್ನು ಹೇಳಿದಾಗ ನನ್ನ ಪಕ್ಕ ಕೂರುವ ಗೆಳೆಯ, ‘ಹೋಗ್ಲಿ ಬಿಡೋ, ಗೋಕಟ್ಟೆ ಯಾರಿಗೆ ಬೇಕು, ಉಲ್ಕೆ ಅಂದ್ರೇನೇ ಮಜಾ’ ಅಂದ. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ವಾಪಸ್ ಬರುವಾಗ ತಾತ ದಾರಿಯುದ್ದಕ್ಕೂ ಹೆಸರು ಹೇಳುತ್ತಾ ಬಂದರು. ಇದು ಎಮ್ಮೆಹಳ್ಳ, ಇದು ಸಾಲುಬೇವಿನ ಹೊಲ, ಇದು ಕುಂಬಾರರು ಮಣ್ಣು ತೆಗೆಯುತ್ತಿದ್ದ ಗುಂಡಿ. ಮನೆಗೆ ಬಂದು ಮೊಬೈಲಿನಲ್ಲಿ ಹುಡುಕಿದೆ. ಒಂದು ಹೆಸರೂ ಅದರಲ್ಲಿ ಇಲ್ಲ. ಉಪಗ್ರಹಕ್ಕೆ ಆಕಾರ ಕಾಣುತ್ತದೆ, ಹೆಸರು ಕಾಣುವುದಿಲ್ಲ. ಆ ಹೆಸರುಗಳು ಇರುವುದು ಊರಿನ ನಾಲ್ಕೈದು ಹಿರಿಯರ ಬಾಯಲ್ಲಿ ಮಾತ್ರ. ಈಗ ಕೇಳದಿದ್ದರೆ ಮುಂದೆ ಯಾರನ್ನು ಕೇಳೋಣ?

ಆದ್ದರಿಂದ ನನ್ನದೊಂದು ಸಲಹೆ. ನಮ್ಮ ತರಗತಿಯಲ್ಲಿ ಒಬ್ಬೊಬ್ಬರೂ ಊರಿನ ಉಪಗ್ರಹ ಚಿತ್ರದಲ್ಲಿ ಒಂದೊಂದು ವಿಚಿತ್ರ ಗುರುತು ಆರಿಸಿಕೊಳ್ಳೋಣ. ದೊಡ್ಡವರ ಜೊತೆ ಅಲ್ಲಿಗೆ ನಡೆದು ಹೋಗೋಣ. ಒಬ್ಬರೇ ಹೋಗಬಾರದು, ಹಳೇ ಗುಂಡಿಗಳಲ್ಲಿ ಹಾವು ಇರುತ್ತವೆ. ಅದು ಏನು, ಹೆಸರೇನು ಅಂತ ಕೇಳಿ ಬರೆದುಕೊಂಡು ಒಂದು ದೊಡ್ಡ ಡ್ರಾಯಿಂಗ್ ಹಾಳೆಯಲ್ಲಿ ನಮ್ಮೂರಿನ ನಕ್ಷೆ ಮಾಡೋಣ. ಹೇಳಿದವರ ಹೆಸರನ್ನೂ ಪಕ್ಕದಲ್ಲಿ ಬರೆಯೋಣ. ಗುರುಗಳು ಒಪ್ಪಿದರೆ ಗೋಕಟ್ಟೆಯ ಕಾಲುವೆ ಹೂಳು ತೆಗೆಯುವ ಬಗ್ಗೆ ಪಂಚಾಯಿತಿಗೆ ಒಂದು ಅರ್ಜಿಯನ್ನೂ ಬರೆಯಬಹುದು. ಈಗ ತಾತ ಬೇಸಿಗೆಯಲ್ಲಿ ಕುರಿಗಳಿಗೆ ನೀರು ಕುಡಿಸಲು ಪಕ್ಕದ ಊರಿನ ತೊಟ್ಟಿಯವರೆಗೆ ಹೊಡೆದುಕೊಂಡು ಹೋಗುತ್ತಾರೆ.

ದೂರದ ಬೆಟ್ಟ ನುಣ್ಣಗೆ ಅಂತ ಗಾದೆ ಇದೆ. ದೂರದ ಚಿತ್ರವೂ ಹಾಗೇ.

ಕೊನೆಯದಾಗಿ ಒಂದು ಕೋರಿಕೆ. ಹೋದ ತಿಂಗಳ ಹಾಳೆಯನ್ನು ಹರಿದು ಬಿಸಾಡಬೇಡಿ. ‘ಉಲ್ಕೆ ಬಿದ್ದ ಕುಳಿ’ ಎಂಬುದನ್ನು ನಾನೇ ಹೊಡೆದು ಹಾಕಿ ‘ಗೋಕಟ್ಟೆ’ ಅಂತ ಬರೆದಿದ್ದೇನೆ. ‘ಕಂಡುಹಿಡಿದವರು’ ಇದ್ದ ಕಡೆ ‘ತೋಡಿದವರು: ನಮ್ಮೂರಿನ ಹಿರಿಯರು’ ಅಂತ ತಿದ್ದಿದ್ದೇನೆ. ಬಂದು ನೋಡಿ. ಬರಹದಲ್ಲಿ ತಪ್ಪಿದ್ದರೆ ತಿದ್ದಬೇಕಾಗಿ ವಿನಂತಿ.

ಇಂತಿ ನಿಮ್ಮ ಸಹಪಾಠಿ,
7ನೇ ತರಗತಿ