ಕಲ್ಲನ್ನು ತೊಳೆದೇ ಪಡಿಯಚ್ಚು ತೆಗೆಯಬೇಕು

ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿಗೇ ಸೇರಿದ ಶ್ರವಣಬೆಳಗೊಳದ ಶಾಸನಗಳನ್ನು ಬಿ. ಎಲ್. ರೈಸ್ ಅವರು 1889ರಲ್ಲಿ ಪ್ರಕಟಿಸಿದರು, ಆರ್. ನರಸಿಂಹಾಚಾರ್ಯರು ಅವನ್ನು ಪರಿಷ್ಕರಿಸಿ, ವಿಸ್ತರಿಸಿ 1923ರಲ್ಲಿ ಹೊರತಂದರು. ಶಾಸನದ ಪಡಿಯಚ್ಚು ತೆಗೆಯುವವರು ಮೊದಲು ಕಲ್ಲನ್ನು ನೀರಿನಿಂದ ತೊಳೆದು, ಉಜ್ಜಿ, ಅಕ್ಷರಗಳ ಕುಳಿಗಳಲ್ಲಿ ಸೇರಿದ ಮಣ್ಣನ್ನು ತೆಗೆಯುತ್ತಾರೆ. ಆ ಬಳಿಕವೇ ಒದ್ದೆಯ ಕಾಗದವನ್ನು ಹಾಸಿ, ಬ್ರಷ್ಷಿನಿಂದ ಬಡಿದು, ಮಸಿ ಸವರುವುದು. ತೊಳೆಯದ ಕಲ್ಲಿನಲ್ಲಿ ಇದ್ದ ಅಕ್ಷರ ಕಾಣದೆ ಹೋಗುತ್ತದೆ. ಇಲ್ಲದ ಗೆರೆ ಅಕ್ಷರದಂತೆ ತೋರುತ್ತದೆ. ಓದುವವನು ಎಷ್ಟೇ ದೊಡ್ಡ ವಿದ್ವಾಂಸನಾದರೂ ಪಾಠ ಕೆಡುವುದು ತಪ್ಪದು.

ಇಂದು ನಮ್ಮ ವಿದ್ಯಾರ್ಥಿಗಳು ಕಲಿಯಲು ಹಂಬಲಿಸುತ್ತಿರುವ ಮೊಬೈಲ್ ಆ್ಯಪ್‌ಗಳ ರಚನೆಗೂ ಇದೇ ನಿಯಮ ಅನ್ವಯಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ಆ್ಯಪ್ ರಚಿಸುವವರು ಅದನ್ನು ಮೊದಲು ಗಣಕಯಂತ್ರದ ಪರದೆಯ ಮೇಲೆಯೇ ಫೋನಿನಂತೆ ವರ್ತಿಸುವ ಸಿಮ್ಯುಲೇಟರ್‌ನಲ್ಲಿ ನಡೆಸಿ ನೋಡುತ್ತಾರೆ. ಹಳೆಯ ಪ್ರತಿಯ ಮೇಲೆಯೇ ತಿದ್ದಿದ ಹೊಸ ಪ್ರತಿಯನ್ನು ಕೂರಿಸಿದಾಗ, ಹಿಂದೆ ಆರಿಸಿದ ಭಾಷೆ, ಹಿಂದೆ ಕೊಟ್ಟ ಅನುಮತಿ, ಹಿಂದೆ ತುಂಬಿಸಿದ ಹೆಸರು ಎಲ್ಲವೂ ಅಲ್ಲಿಯೇ ಉಳಿದಿರುತ್ತವೆ. ರಚಿಸಿದವನಿಗೆ ಆ್ಯಪ್ ಸಲೀಸಾಗಿ ತೆರೆದುಕೊಳ್ಳುತ್ತದೆ. ಆದರೆ ಅದನ್ನು ಮೊದಲ ಬಾರಿಗೆ ತನ್ನ ಫೋನಿಗೆ ಹಾಕಿಕೊಂಡವನ ಬಳಿ ಆ ಹಳೆಯ ಸಂಗ್ರಹವಿಲ್ಲ; ಅವನ ಪಾಲಿಗೆ ಅದೇ ಆ್ಯಪ್ ಮೊದಲ ಪುಟದಲ್ಲಿಯೇ ನಿಂತುಬಿಡಬಹುದು.

ಕನ್ನಡಿಗರಿಗೆ ಈ ಬಗೆಯ ತೊಂದರೆ ಹೊಸದಲ್ಲ. ಯೂನಿಕೋಡ್ ಬಳಕೆ ಹರಡುವ ಮುನ್ನ ನುಡಿ, ಬರಹ ಮುಂತಾದ ತಂತ್ರಾಂಶಗಳ ಫಾಂಟುಗಳಲ್ಲಿ ಸಿದ್ಧಪಡಿಸಿದ ಪತ್ರಗಳು ಬರೆದವರ ಗಣಕದಲ್ಲಿ ಮುತ್ತು ಪೋಣಿಸಿದಂತೆ ಕಾಣುತ್ತಿದ್ದವು; ಆ ಫಾಂಟು ಇಲ್ಲದ ಗಣಕದಲ್ಲಿ ಅವೇ ಪತ್ರಗಳು ಅರ್ಥವಿಲ್ಲದ ರೋಮನ್ ಅಕ್ಷರ ಮತ್ತು ಚಿಹ್ನೆಗಳ ರಾಶಿಯಾಗುತ್ತಿದ್ದವು. ಬರೆದವರಿಗೆ ತಮ್ಮ ಯಂತ್ರದಲ್ಲಿ ಕುಳಿತಿದ್ದ ಫಾಂಟು ದೋಷವನ್ನು ಮರೆಮಾಡಿತ್ತು. ಬರಿದಾದ ಯಂತ್ರದಲ್ಲಿ ಒಮ್ಮೆ ತೆರೆದು ನೋಡಿದ್ದರೆ ಅದು ಆಗಲೇ ಬಯಲಾಗುತ್ತಿತ್ತು.

ಹಾಗಾದರೆ ಅಳಿಸುವುದೆಂದರೇನು? ಪರದೆಯ ಮೇಲಿನ ಚಿತ್ರವನ್ನು ತೆಗೆದುಬಿಟ್ಟರೆ ಸಾಲದು. ಐಫೋನಿನ ವ್ಯವಸ್ಥೆಯಲ್ಲಿ ಆ್ಯಪ್ ತೆಗೆದಾಗ ಅದರ ಕಡತಗಳು ಹೋಗುತ್ತವೆ. ಆದರೆ ಗುಪ್ತಪದಗಳ ಭಂಡಾರವಾದ ಕೀಚೈನ್‌ನಲ್ಲಿ ಅದು ಇರಿಸಿದ್ದು ಉಳಿದುಕೊಳ್ಳುತ್ತದೆ. ಆದುದರಿಂದ ಸಿಮ್ಯುಲೇಟರನ್ನೇ ಪೂರ್ತಿಯಾಗಿ ಅಳಿಸುವ ಆಜ್ಞೆಯನ್ನು ಕೊಡಬೇಕು. 2015ರಲ್ಲಿ ಬಂದ ಆಂಡ್ರಾಯ್ಡ್ 6.0ರಿಂದೀಚೆಗೆ ಆ್ಯಪ್ ಒಂದರ 25 ಎಂ.ಬಿ. ವರೆಗಿನ ಮಾಹಿತಿ ಬಳಕೆದಾರನ ಗೂಗಲ್ ಖಾತೆಯಲ್ಲಿ ತಾನಾಗಿಯೇ ಸಂಗ್ರಹವಾಗಿ, ಮತ್ತೆ ಹಾಕಿಕೊಂಡಾಗ ಹಿಂದಿರುಗಬಲ್ಲುದು. ಅಲ್ಲಿ 'ವೈಪ್ ಡೇಟಾ' ಆಜ್ಞೆಯ ಜೊತೆಗೆ, ಪರೀಕ್ಷೆಯ ಫೋನು ಯಾವ ಖಾತೆಗೂ ಸೇರಿರದಂತೆ ನೋಡಿಕೊಳ್ಳಬೇಕು. ಬಹಿರಂಗದ ಶುದ್ಧಿಯಷ್ಟೇ ಸಾಲದು, ಅಂತರಂಗದ ಶುದ್ಧಿಯೂ ಬೇಕೆಂದು ಶರಣರ ಪರಂಪರೆಯಲ್ಲಿ ಬೆಳೆದವರಿಗೆ ನಾನು ಹೇಳಬೇಕಾದುದಿಲ್ಲ.

ಪ್ರತಿ ಸಲವೂ ಅಳಿಸಿ ಮೊದಲಿನಿಂದ ಆರಂಭಿಸುವುದು ಕಾಲಹರಣವೆಂದು ಕೆಲವರು ಆಕ್ಷೇಪಿಸಬಹುದು. ಹಳೆಯ ಬಳಕೆದಾರರ ಮಾಹಿತಿ ಹೊಸ ಪ್ರತಿಯಲ್ಲಿ ಸುರಕ್ಷಿತವಾಗಿ ಉಳಿಯುವುದೇ ಎಂಬುದನ್ನೂ ನೋಡಬೇಕಲ್ಲವೆ ಎಂದು ಬಲ್ಲವರು ಕೇಳಬಹುದು. ಎರಡನೆಯ ಮಾತು ಸತ್ಯ. ಆ ಪರೀಕ್ಷೆಯೂ ಅವಶ್ಯಕ. ಆದರೆ ಅದು ಇದರ ಬದಲಿಯಲ್ಲ. ಕಾಲದ ಮಾತಾದರೆ, ಸಿಮ್ಯುಲೇಟರ್ ಅಳಿಸಲು ಕೆಲವೇ ನಿಮಿಷಗಳು ಸಾಕು. ಅದರಲ್ಲಿ ಯಾರ ಮನೆಯ ಭಾವಚಿತ್ರಗಳೂ ಇರುವುದಿಲ್ಲವಾದ್ದರಿಂದ ನಷ್ಟವೂ ಇಲ್ಲ. ತಂದೆತಾಯಿಗಳ ಫೋನಿನಲ್ಲಿ ಮಾತ್ರ ಮಕ್ಕಳು ಈ ಪ್ರಯೋಗಕ್ಕೆ ಕೈಹಾಕಬಾರದು.

ಇಷ್ಟನ್ನು ವಿಸ್ತರಿಸಲು ಕಾರಣವಿದೆ. ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷೆಯ ಫಲಿತಾಂಶ, ಪಹಣಿ ಎಲ್ಲವೂ ಇಂದು ಫೋನಿಗೆ ಬಂದಿವೆ. ಹಿರೀಸಾವೆ ಹೋಬಳಿಯ ಒಂದು ಮನೆಗೆ ಮೊದಲ ಸ್ಮಾರ್ಟ್‌ಫೋನ್ ಬಂದಾಗ, ಆ್ಯಪಿನ ಮೊದಲ ಪುಟವೇ ತೆರೆಯದಿದ್ದರೆ ಆ ಮನೆಯವರು ಆ್ಯಪನ್ನು ದೂರುವುದಿಲ್ಲ. 'ಇದು ನಮ್ಮಂಥವರಿಗಲ್ಲ' ಎಂದು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಅನುಭವಿ ಬಳಕೆದಾರನು ಹೇಗೋ ದಾರಿ ಕಂಡುಕೊಂಡಾನು. ಹೊಸಬನೇ ಹೊರಗುಳಿಯುವವನು. ಕಟ್ಟಕಡೆಯವನನ್ನೂ ಬರಮಾಡಿಕೊಳ್ಳುವುದು ದಾಸೋಹದ ಧರ್ಮವಾದರೆ, ಬರಿದಾದ ಫೋನಿನಲ್ಲಿ ಪರೀಕ್ಷಿಸುವುದೂ ಅದೇ ಧರ್ಮದ ಒಂದು ಅಂಗ.

ಆದುದರಿಂದ ಅಧ್ಯಾಪಕ ಮಿತ್ರರಲ್ಲಿ ನನ್ನ ಸೂಚನೆ ಇಷ್ಟೆ: ವಿದ್ಯಾರ್ಥಿಯು ರಚಿಸಿದ ಆ್ಯಪನ್ನು ಅಳಿಸಿದ ಸಿಮ್ಯುಲೇಟರ್‌ನಲ್ಲಿ, ಅದನ್ನು ರಚಿಸದ ಬೇರೊಬ್ಬ ವಿದ್ಯಾರ್ಥಿಯು ನಡೆಸಿ ನೋಡುವವರೆಗೆ ಅದಕ್ಕೆ ಅಂಕ ನೀಡಬಾರದು. ಸಂಸ್ಥೆಗೆ ಗಣಕ ಸಾಮಗ್ರಿಗಳನ್ನು ನೀಡಲಿಚ್ಛಿಸುವ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಜೊತೆಗೊಂದು ಅಗ್ಗದ ಫೋನನ್ನು ಕೊಟ್ಟು, ಅದನ್ನು ಸದಾ ಬರಿದಾಗಿಯೇ ಇಡುವಂತೆ ಹೇಳಿದರೆ ಅದು ದೊಡ್ಡ ಉಪಕಾರವಾದೀತು. ತಾವು ಮಾಡಿದ್ದನ್ನು ಮೊದಲ ಬಾರಿಗೆ ಕಾಣುವವನ ಕಣ್ಣಿನಿಂದ ನೋಡುವ ಅಭ್ಯಾಸ ನಮ್ಮ ಮಕ್ಕಳಲ್ಲಿ ಬೆಳೆಯಲೆಂದು ಹಾರೈಸುತ್ತೇನೆ.