ಗಾಳಿಯೇ ಕಲಕುವ ಪಾತ್ರೆ ರೈತನಿಗೂ ಬೇಕು

ಕೊಳವೆಬಾವಿಗೆ ಕಂಪ್ರೆಸರ್ ಕೂಡಿಸಿ ನೀರೆತ್ತುವುದನ್ನು ನೀವು ನೋಡಿರುತ್ತೀರಿ. ಕೊಳವೆಯ ತಳಕ್ಕೆ ಗಾಳಿ ಬಿಟ್ಟಾಗ ಗುಳ್ಳೆ ಬೆರೆತ ನೀರು ಹಗುರವಾಗಿ ಮೇಲೇರುತ್ತದೆ. ಇದೇ ತತ್ತ್ವದ ಮೇಲೆ ನಡೆಯುವ ಏರ್‌ಲಿಫ್ಟ್ ಬಯೋರಿಯಾಕ್ಟರ್ ಎಂಬ ಪಾತ್ರೆಯಲ್ಲಿ ಪ್ರತಿಜೈವಿಕಗಳನ್ನು ಉತ್ಪಾದಿಸುವ ಸೂಕ್ಷ್ಮಾಣುಜೀವಿಗಳನ್ನು ಬೆಳೆಸಬಹುದು. ನಮ್ಮ ಜೈವಿಕ ಪೀಡೆನಾಶಕಗಳನ್ನು ತಯಾರಿಸುವ ಘಟಕಗಳು ಇದನ್ನು ಅಳವಡಿಸಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ.

ಸಾಮಾನ್ಯ ಹುದುಗು ತೊಟ್ಟಿಯಲ್ಲಿ ಮೋಟಾರಿನಿಂದ ತಿರುಗುವ ರೆಕ್ಕೆಗಳು ದ್ರವವನ್ನು ಕಲಕುತ್ತವೆ. ಏರ್‌ಲಿಫ್ಟ್ ಪಾತ್ರೆಯಲ್ಲಿ ರೆಕ್ಕೆಗಳಿಲ್ಲ. ಪಾತ್ರೆಯ ನಡುವೆ ಕೊಳವೆಯೊಂದನ್ನು ನಿಲ್ಲಿಸಿ, ಅದರ ಬುಡಕ್ಕೆ ಸೋಸಿದ ಶುದ್ಧ ಗಾಳಿಯನ್ನು ಬಿಡಲಾಗುತ್ತದೆ. ಒಳಗಿನ ದ್ರವ ಮೇಲೇರಿ, ಗುಳ್ಳೆಗಳನ್ನು ಕಳೆದುಕೊಂಡು ಭಾರವಾಗಿ, ಕೊಳವೆಯ ಹೊರಬದಿಯಿಂದ ಕೆಳಗಿಳಿಯುತ್ತದೆ. ಈ ಸುತ್ತು ಸತತವಾಗಿ ನಡೆಯುತ್ತದೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಲೀಟರ್ ನೀರಿನಲ್ಲಿ ಕರಗುವ ಆಮ್ಲಜನಕ ಸುಮಾರು 8 ಮಿಲಿಗ್ರಾಂ ಮಾತ್ರ. ಆದ್ದರಿಂದ ಗಾಳಿಯ ಪೂರೈಕೆ ನಿಲ್ಲುವಂತಿಲ್ಲ. ತಿರುಗುವ ದಂಡವಿಲ್ಲದ ಕಾರಣ ಅದರ ಸಂದಿಯಿಂದ ಬೇರೆ ಜೀವಿಗಳು ನುಸುಳುವ ಭಯವಿಲ್ಲ. ವಿದ್ಯುತ್ತಿನ ಖರ್ಚೂ ಸಾಮಾನ್ಯವಾಗಿ ಕಡಿಮೆ.

ಇದರಲ್ಲಿ ಏನನ್ನು ಬೆಳೆಸಬೇಕು? ಅಮೆರಿಕದ ನ್ಯೂಜೆರ್ಸಿಯ ರಟ್ಗರ್ಸ್‌ನಲ್ಲಿ, ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಷಾಟ್ಸ್ ಅವರು 1943ರಲ್ಲಿ ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದದ್ದು ಗೊಬ್ಬರ ತುಂಬಿದ ಹೊಲದ ಮಣ್ಣಿನ ಜೀವಿಯಿಂದಲೇ. ಕ್ಷಯರೋಗಕ್ಕೆ ಮದ್ದಾದ ಅದನ್ನೇ ದಾಳಿಂಬೆಯ ದುಂಡಾಣು ಅಂಗಮಾರಿಗೂ ಸಿಂಪಡಿಸುತ್ತ ಬಂದೆವು. ಪದೇ ಪದೇ ಸಿಂಪಡಿಸಿದರೆ ದುಂಡಾಣುಗಳು ಆ ಔಷಧಿಗೆ ಬಗ್ಗದಂತಾಗುತ್ತವೆ. ಬೆಳೆಗಳಲ್ಲಿ ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್ ಬಳಕೆಯನ್ನು ನಿಷೇಧಿಸುವ ಕರಡು ಆದೇಶವನ್ನು ಕೇಂದ್ರ ಸರ್ಕಾರ 2021ರ ಡಿಸೆಂಬರ್‌ನಲ್ಲಿ ಹೊರಡಿಸಿತು. ಮನುಷ್ಯರ ಜೀವ ಉಳಿಸುವ ಮದ್ದನ್ನು ಎಲೆಯ ಮೇಲೆ ಸುರಿದು ಕಳೆಯುವುದು ಜಾಣತನವಲ್ಲ.

ಹಾಗಾದರೆ ಬೆಳೆಯ ಗತಿಯೇನು? ಸ್ಯೂಡೊಮೋನಾಸ್ ಫ್ಲೋರೆಸೆನ್ಸ್ ಮತ್ತು ಬ್ಯಾಸಿಲಸ್ ಸಬ್ಟಿಲಿಸ್ ದುಂಡಾಣುಗಳು ಬೇರಿನ ಸುತ್ತ ನೆಲೆಸಿ, ಅಲ್ಲಿಯೇ ಅಲ್ಪ ಪ್ರಮಾಣದಲ್ಲಿ ಪ್ರತಿಜೈವಿಕಗಳನ್ನು ಸ್ರವಿಸಿ, ರೋಗಕಾರಕ ಶಿಲೀಂಧ್ರಗಳನ್ನು ಹತ್ತಿಕ್ಕುತ್ತವೆ. ಎಲ್ಲ ರೋಗಕ್ಕೂ ಇವು ಮದ್ದಲ್ಲ. ಆದರೆ ಬೀಜೋಪಚಾರಕ್ಕೂ ಮಣ್ಣಿಗೂ ಯೋಗ್ಯವಾದವು. ಇವುಗಳ ದ್ರವ ತೆಳುವಾಗಿರುವುದರಿಂದ ಏರ್‌ಲಿಫ್ಟ್ ಪಾತ್ರೆಯಲ್ಲಿ ಸರಾಗವಾಗಿ ಸುತ್ತುತ್ತದೆ. ಎಳೆಎಳೆಯಾಗಿ ಬೆಳೆದು ದ್ರವವನ್ನು ಗಂಜಿಯಂತೆ ಗಟ್ಟಿ ಮಾಡುವ ಸ್ಟ್ರೆಪ್ಟೊಮೈಸಿಸ್‌ಗೆ ಇದು ಅಷ್ಟು ಸುಲಭವಲ್ಲ.

ತೊಡಕುಗಳೂ ಉಂಟು. ನೊರೆ ಉಕ್ಕುತ್ತದೆ. ವಿದ್ಯುತ್ ಹೋದರೆ ಗಾಳಿಯೂ ಕಲಕುವಿಕೆಯೂ ಒಟ್ಟಿಗೇ ನಿಲ್ಲುತ್ತವೆ. ಆದ್ದರಿಂದ ಜನರೇಟರ್ ಕಡ್ಡಾಯ. ಹಿತ್ತಲಿನ ಡ್ರಮ್ಮಿಗೆ ಬೆಲ್ಲದ ನೀರು ಹಾಕಿ ಗಾಳಿ ಬಿಟ್ಟರೆ ಏನೋ ಬೆಳೆಯುತ್ತದೆ, ನಿಜ. ಆದರೆ ಬೆಳೆದದ್ದು ಯಾವುದೆಂದು ಕಣ್ಣಿಗೆ ಕಾಣದು. ಪಾತ್ರೆಯನ್ನೂ ಪೋಷಕ ದ್ರವವನ್ನೂ ಹಬೆಯಲ್ಲಿ ಶುದ್ಧಿ ಮಾಡಬೇಕು, ಶುದ್ಧ ತಳಿಯನ್ನೇ ಹಾಕಬೇಕು. ಇದು ಸಹಕಾರ ಸಂಘಗಳು, ರೈತ ಉತ್ಪಾದಕ ಕಂಪನಿಗಳು ಪ್ರಯೋಗಾಲಯದ ನೆರವಿನಿಂದ ಮಾಡಬೇಕಾದ ಕೆಲಸ.

ನಿಮ್ಮ ಪಾಲಿನ ಕೆಲಸ ಒಂದಿದೆ. ಕೊಳ್ಳುವಾಗ ಪೊಟ್ಟಣದ ಮೇಲೆ ಜೀವಾಣುಗಳ ಸಂಖ್ಯೆ ಮತ್ತು ಅವಧಿ ಮುಗಿಯುವ ದಿನಾಂಕವನ್ನು ನೋಡಿ, ಇಲ್ಲವಾದರೆ ಕೇಳಿ. ಜೀವವಿಲ್ಲದ ಪುಡಿಗೆ ಹಣ ತೆತ್ತು, ಕೊನೆಗೆ ಮತ್ತೆ ಸ್ಟ್ರೆಪ್ಟೊಮೈಸಿನ್‌ಗೆ ಕೈಚಾಚುವುದು ಬೇಡ. ನೀವು ಕೇಳತೊಡಗಿದರೆ ಒಳ್ಳೆಯ ಪಾತ್ರೆಗಳು ತಾವಾಗಿಯೇ ಬರುತ್ತವೆ.